ಮಸಲ್ ಕಾರು ಕುಡಿಯುವ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ?

ನಮ್ಮ ಕಡೆ ಯಾರಾದರೂ ಹೊಸ ಗಾಡಿ ತಂದರೆ ಮೊದಲ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ಬಣ್ಣ, ಬೆಲೆ ಎಲ್ಲ ಆಮೇಲೆ. 1964ರ ಅಮೆರಿಕದಲ್ಲಿ ಪಾಂಟಿಯಾಕ್ ಜಿಟಿಒ ಕೊಂಡವರನ್ನು ಯಾರೂ ಹೀಗೆ ಕೇಳಿರಲಿಕ್ಕಿಲ್ಲ. ಮಧ್ಯಮ ಗಾತ್ರದ ಕಾರು, ಅದರ ಹೊಟ್ಟೆಯಲ್ಲಿ 6.4 ಲೀಟರಿನ ವಿ8 ಎಂಜಿನ್. ಅದರ ಒಂದೊಂದು ಸಿಲಿಂಡರೂ (ಪೆಟ್ರೋಲ್ ಉರಿಯುವ ಕೊಳವೆ) ನಮ್ಮ ಮಾರುತಿ 800ರ ಇಡೀ ಎಂಜಿನ್ನಿನಷ್ಟು ದೊಡ್ಡದು. ಅಂಥವು ಎಂಟು! ಹೀಗೆ ಸಾಧಾರಣ ಗಾತ್ರದ ಕಾರಿಗೆ ಭಾರಿ ಎಂಜಿನ್ ಕೂರಿಸಿದ್ದೇ ಮಸಲ್ ಕಾರು.

ಇಷ್ಟು ದೊಡ್ಡ ಎಂಜಿನ್ನನ್ನು ಆ ಗಾತ್ರದ ಕಾರಿಗೆ ಹಾಕಬಾರದು ಎಂದು ಪಾಂಟಿಯಾಕ್‌ನ ಒಡೆಯ ಜನರಲ್ ಮೋಟರ್ಸ್ ಕಂಪನಿಯೇ ನಿಯಮ ಮಾಡಿಕೊಂಡಿತ್ತು. 330 ಘನ ಇಂಚು (ಸುಮಾರು 5.4 ಲೀಟರ್) ಮೀರುವಂತಿಲ್ಲ. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು 389 ಘನ ಇಂಚಿನದನ್ನು, ಅಂದರೆ ಆ 6.4 ಲೀಟರಿನದನ್ನು, ತುರುಕಿದರು. ಕೇಳಿದರೆ, ಇದು ಹೊಸ ಕಾರಲ್ಲ, ಇರುವ ಕಾರಿನ ಮೇಲೆ ಕೊಡುವ 'ಆಪ್ಷನ್' ಅಷ್ಟೆ ಎಂಬ ಉತ್ತರ. ಅಂದರೆ ಮಸಲ್ ಕಾರು ಹುಟ್ಟಿದ್ದೇ ನಿಯಮದ ಕಣ್ಣು ತಪ್ಪಿಸಿ.

ಆಮೇಲೆ ಕಂಪನಿಯ ಕಾರುಗಳು ಸರಾಸರಿ ಇಷ್ಟು ಮೈಲೇಜ್ ಕೊಡಲೇಬೇಕೆಂಬ ಕಾನೂನು ಬಂತು, ಈ ಕಾರುಗಳನ್ನು ಕೊಂದುಹಾಕಿತು ಅಂತ ಒಂದು ಕಥೆ ಇದೆ. ಕೇಳಿ ಕೇಳಿ ನನಗೆ ಸಾಕಾಗಿದೆ. ತಾರೀಖು ನೋಡಿ. ಡಾಡ್ಜ್ ಚಾಲೆಂಜರ್, ಪ್ಲಿಮತ್ ಬರಾಕುಡಾ, ಜಿಟಿಒ ಮೂರೂ ನಿಂತದ್ದು 1974ರಲ್ಲಿ. ಸರಾಸರಿ ಮೈಲೇಜ್ ಕಾನೂನಿಗೆ ಸಹಿ ಬಿದ್ದದ್ದು 1975ರ ಡಿಸೆಂಬರ್‌ನಲ್ಲಿ, ಜಾರಿಯಾದದ್ದು 1978ರ ಕಾರುಗಳಿಂದ. ಹೆಣ ಎತ್ತಿದ ಮೇಲೆ ಊರಿಗೆ ಬಂದವನ ಮೇಲೆ ಕೊಲೆ ಆರೋಪ! ವಿಮೆ ಕಂಪನಿಗಳು ಇಂಥ ಕಾರುಗಳ ಪ್ರೀಮಿಯಂ ಏರಿಸಿದ್ದವು. 1970ರ ವಾಯು ಕಾನೂನು ಹೊಗೆಗೆ ಕಡಿವಾಣ ಹಾಕಿತ್ತು. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗಲೆಂದು ಎಂಜಿನ್ನಿನ ಕಂಪ್ರೆಶನ್ (ಉರಿಸುವ ಮುನ್ನ ಗಾಳಿ-ಪೆಟ್ರೋಲನ್ನು ಅದುಮುವ ಪ್ರಮಾಣ) ಇಳಿಸಿದ್ದರು, ಅದರಿಂದ ಶಕ್ತಿ ಕುಗ್ಗಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ್ದು ಕೊನೆಯ ಪೆಟ್ಟು.

ಇನ್ನೊಂದು ತಮಾಷೆ ಇದೆ. 1972ರಲ್ಲಿ ಅಮೆರಿಕದ ಕಂಪನಿಗಳು ಹಾರ್ಸ್‌ಪವರ್ ಅಳೆಯುವ ಕ್ರಮವನ್ನೇ ಬದಲಿಸಿದವು. ಮೊದಲು ಬರೀ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆಯುತ್ತಿದ್ದರು. ಆಮೇಲೆ ಫ್ಯಾನು, ಸೈಲೆನ್ಸರ್ ಎಲ್ಲ ಜೋಡಿಸಿ ಅಳೆದರು. ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಒಂದು ಎಂಜಿನ್ 1971ರಲ್ಲಿ ಹಳೆಯ ಲೆಕ್ಕಕ್ಕೆ 330, ಹೊಸ ಲೆಕ್ಕಕ್ಕೆ 275. ಅದೇ ಎಂಜಿನ್! ಚಪ್ಪಲಿ ಬಿಚ್ಚಿ ಎತ್ತರ ಅಳೆಸಿಕೊಂಡವನು ಕುಗ್ಗಿಹೋದ ಎಂದ ಹಾಗಾಯಿತು.

ಸರಿ, ನನಗೆ ನಿಜಕ್ಕೂ ಹೇಳಬೇಕಿರುವುದು ಬೇರೆ. ದೊಡ್ಡ ಎಂಜಿನ್ ಯಾಕೆ ಜಾಸ್ತಿ ಕುಡಿಯುತ್ತದೆ? "ಪವರ್ ಜಾಸ್ತಿ, ಅದಕ್ಕೆ" ಅನ್ನುತ್ತಾರೆ. ಆದರೆ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗಲು ಇಂಥ ಭಾರಿ ಕಾರಿಗೂ ಬೇಕಾಗುವುದು ಸುಮಾರು 20ರಿಂದ 25 ಹಾರ್ಸ್‌ಪವರ್. ಉಳಿದ ಮುನ್ನೂರು ಸುಮ್ನೆ ಕೂತಿರುತ್ತದೆ. ಕೂತಿದ್ದರೆ ಪರವಾಗಿಲ್ಲ, ಕೂತಲ್ಲೇ ಊಟ ಮಾಡುತ್ತಿರುತ್ತದೆ.

ಕಾರಣ ಥ್ರಾಟಲ್. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ತಟ್ಟೆಯಂಥ ಒಂದು ಪುಟ್ಟ ಬಾಗಿಲಿದೆ. ನಾವು ಆಕ್ಸಿಲರೇಟರ್ ತುಳಿದಾಗ ತೆರೆಯುವುದು ಅದು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಇದೇ ಅಳತೆ ಇಷ್ಟ. ಹಾಗಾಗಿ ಶಕ್ತಿ ಕಡಿಮೆ ಸಾಕು ಎಂದರೆ ಪೆಟ್ರೋಲ್ ಮಾತ್ರ ಕಡಿಮೆ ಮಾಡಿದರೆ ಆಗದು, ಗಾಳಿಯನ್ನೂ ತಡೆಯಬೇಕು. ಬಾಗಿಲು ಮುಚ್ಚಬೇಕು.

ಈಗ ಓಕುಳಿಯ ಪಿಚಕಾರಿ ತೆಗೆದುಕೊಳ್ಳಿ. ಅದರ ಬಾಯಿಗೆ ಬೆರಳಿಟ್ಟು ಹಿಡಿ ಎಳೆಯಿರಿ. ಕೈ ನೋಯುತ್ತದೆ, ಅಲ್ವಾ? ಒಳಗೆ ಬರುವುದು ಏನೂ ಇಲ್ಲ, ಆದರೂ ಶ್ರಮ ತಪ್ಪದು. ವಿ8 ಎಂಜಿನ್ನಿನ ಎಂಟೂ ಪಿಸ್ಟನ್‌ಗಳು, ಅಂದರೆ ಸಿಲಿಂಡರಿನೊಳಗೆ ಹೋಗಿ ಬಂದು ಮಾಡುವ ದಿಂಡುಗಳು, ನಿಮಿಷಕ್ಕೆ ಸಾವಿರಾರು ಸಲ ಮಾಡುವ ಕೆಲಸ ಇದೇ. ಕಾರು ನಿಂತು ಎಂಜಿನ್ ಗುರುಗುಡುತ್ತಿರುವಾಗ ಆ ಬಾಗಿಲಿನ ಒಳಗಡೆ ಗಾಳಿಯ ಒತ್ತಡ ಹೊರಗಿನದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಿರುತ್ತದೆ. ಆ ಎಳೆದಾಟದ ಖರ್ಚೂ ಪೆಟ್ರೋಲಿನಿಂದಲೇ ಬರಬೇಕು. ಜೊತೆಗೆ ಎಂಟು ಪಿಸ್ಟನ್ ಉಜ್ಜುವ ಖರ್ಚು, ಅಷ್ಟು ದೊಡ್ಡ ಕಬ್ಬಿಣದ ಗೋಡೆಗಳನ್ನು ಬಿಸಿ ಮಾಡುವ ಖರ್ಚು. ಮದುವೆ ಮನೆಯ ಕೊಪ್ಪರಿಗೆಯಲ್ಲಿ ಒಂದು ಪಾವು ಅಕ್ಕಿಯ ಅನ್ನ ಮಾಡಿದರೆ ಸೌದೆ ಎಷ್ಟು ಹಾಳು ಯೋಚಿಸಿ. ಅಕ್ಕಿ ಬೇಯುವುದಕ್ಕಿಂತ ಮೊದಲು ಕೊಪ್ಪರಿಗೆ ಬೇಯಬೇಕು. (ಡೀಸೆಲ್ ಎಂಜಿನ್ ಗಾಳಿಯನ್ನು ಹೀಗೆ ಕಟ್ಟಿಹಾಕದೆ ಡೀಸೆಲ್ಲನ್ನು ಮಾತ್ರ ಹೆಚ್ಚು ಕಡಿಮೆ ಮಾಡುತ್ತದೆ. ನಮ್ಮ ಲಾರಿಗಳು ಡೀಸೆಲ್ ಆಗಿರುವುದಕ್ಕೆ ಇದೂ ಒಂದು ಕಾರಣ.)

ಇದು ಅರ್ಥವಾದರೆ ಕಂಪನಿಗಳು ಹೂಡಿದ ಎಲ್ಲ ಉಪಾಯಗಳೂ ಅರ್ಥವಾಗುತ್ತವೆ. ಗುರಿ ಒಂದೇ: ಬಾಗಿಲು ಸಾಧ್ಯವಾದಷ್ಟು ತೆರೆದಿರಲಿ.

ಮೊದಲ ಉಪಾಯ, ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಸುವುದು. ಮಲಗಿದ ಸಿಲಿಂಡರಿನ ವಾಲ್ವ್‌ಗಳು (ಗಾಳಿ ಬರುವ, ಹೊಗೆ ಹೋಗುವ ಕಿಂಡಿಗಳು) ಮುಚ್ಚಿಕೊಳ್ಳುತ್ತವೆ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್‌ನಂತೆ ಕುಗ್ಗಿ ಹಿಗ್ಗುತ್ತದೆ, ಪಡೆದ ಶಕ್ತಿಯನ್ನು ಹೆಚ್ಚು ಕಡಿಮೆ ಹಾಗೇ ಮರಳಿಸುತ್ತದೆ. ಉಳಿದ ನಾಲ್ಕು ಇಡೀ ಭಾರ ಹೊರಬೇಕು, ಅದಕ್ಕೆ ಬಾಗಿಲು ಅಗಲವಾಗಿ ತೆರೆಯಬೇಕು. 1981ರಲ್ಲೇ ಕ್ಯಾಡಿಲಾಕ್ ಇದನ್ನು ಮಾಡಿತ್ತು, ಎಂಟರಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ. ಆಗಿನ ಕಂಪ್ಯೂಟರಿಗೆ ಅಷ್ಟು ಚುರುಕಿರಲಿಲ್ಲ. ಕಾರು ತಡವರಿಸುತ್ತಿತ್ತು, ಮುಂದಿನ ವರ್ಷಕ್ಕೇ ಬಹುಪಾಲು ಕಾರುಗಳಿಂದ ತೆಗೆದರು. ಇಪ್ಪತ್ತೈದು ವರ್ಷಗಳ ಬಳಿಕ ಕ್ರೈಸ್ಲರ್‌ನ 5.7 ಲೀಟರ್ ಹೆಮಿ ಎಂಜಿನ್ನಿನಲ್ಲಿ ಅದೇ ಉಪಾಯ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು.

ಎರಡನೆಯದು ಕೊಪ್ಪರಿಗೆಯನ್ನೇ ಬಿಟ್ಟು ಸಣ್ಣ ಪಾತ್ರೆ ಇಡುವುದು. ನೆಂಟರು ಬಂದಾಗ ಮಾತ್ರ ಉರಿ ಜೋರು ಮಾಡುವುದು, ಅಂದರೆ ಬೇಕಾದಾಗ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ. 2015ರ ಫೋರ್ಡ್ ಮಸ್ಟಾಂಗ್‌ನಲ್ಲಿ ಬಂದ ನಾಲ್ಕು ಸಿಲಿಂಡರಿನ 2.3 ಲೀಟರ್ ಟರ್ಬೊ ಎಂಜಿನ್ 310 ಹಾರ್ಸ್‌ಪವರ್ ಕೊಟ್ಟಿತು. 1964ರ ಜಿಟಿಒ 6.4 ಲೀಟರಿನಲ್ಲಿ, ಅದೂ ಆ ಉದಾರ ಹಳೆಯ ಲೆಕ್ಕದಲ್ಲಿ, ಕೊಡುತ್ತಿದ್ದದ್ದು 325. ಶಕ್ತಿ ಎಲ್ಲಿ ಸತ್ತಿತು ಹೇಳಿ?

ಹಾಗಿದ್ದರೆ 2023ರ ಕೊನೆಗೆ ಡಾಡ್ಜ್ ತಾನು ಮರಳಿ ತಂದಿದ್ದ ವಿ8 ಚಾಲೆಂಜರ್ ಮತ್ತು ಚಾರ್ಜರ್ ನಿಲ್ಲಿಸಿದ್ದೇಕೆ? ಇಲ್ಲಿ ಕಾನೂನಿನ ಕೈ ಇದೆ, ಆದರೆ ಅದು ನೋಡುವುದು ಒಂದೊಂದೇ ಕಾರನ್ನಲ್ಲ, ಕಂಪನಿಯ ಇಡೀ ಸಂಸಾರವನ್ನು. ಲೆಕ್ಕವೂ ಸ್ವಲ್ಪ ಕಿರಿಕ್. ಒಂದು ಕಾರು ಲೀಟರಿಗೆ 5 ಕಿಲೋಮೀಟರ್, ಇನ್ನೊಂದು 20 ಕೊಟ್ಟರೆ ಸರಾಸರಿ ಹನ್ನೆರಡೂವರೆ ಅಲ್ಲ. ಎರಡೂ ನೂರು ನೂರು ಕಿಲೋಮೀಟರ್ ಓಡಿದರೆ 20 ಲೀಟರ್ ಮತ್ತು 5 ಲೀಟರ್, ಒಟ್ಟು 25. ಇನ್ನೂರನ್ನು ಇಪ್ಪತ್ತೈದರಿಂದ ಭಾಗಿಸಿ: 8. ಮನೆಯಲ್ಲೊಬ್ಬ ದುಂದುಗಾರನಿದ್ದರೆ ಮಿತವ್ಯಯಿಯ ಪುಣ್ಯವೆಲ್ಲ ಅವನ ಖಾತೆಗೆ. ಡಾಡ್ಜ್ ತನ್ನ ಸಣ್ಣ ಕಾರು ಡಾರ್ಟ್ ಅನ್ನು 2016ರಲ್ಲೇ ನಿಲ್ಲಿಸಿತ್ತು, ಲೆಕ್ಕ ಸರಿದೂಗಿಸುವವರು ಕಡಿಮೆಯಾಗಿದ್ದರು. 2018 ಮತ್ತು 2019ರ ಕಾರುಗಳಿಗಾಗಿ ಅದರ ಮಾತೃ ಸಂಸ್ಥೆ ಸ್ಟೆಲಾಂಟಿಸ್ ಕಟ್ಟಿದ ದಂಡ 23.55 ಕೋಟಿ ಡಾಲರ್. ಇದಲ್ಲದೆ 1978ರಲ್ಲೇ ಕಾನೂನಾದ ಬೇರೊಂದು ತೆರಿಗೆ ಇದೆ. ತೀರಾ ಕಡಿಮೆ ಮೈಲೇಜಿನ ಕಾರಿಗೆ 7,700 ಡಾಲರ್ ತನಕ. ಕಾರಿಗೆ ಮಾತ್ರ! ದೈತ್ಯ ಪಿಕಪ್ ಟ್ರಕ್ಕಿಗೆ ಇಲ್ಲ. ಇದರ ತರ್ಕ ನನಗಂತೂ ಇವತ್ತಿಗೂ ತಲೆಗೆ ಹೋಗಿಲ್ಲ.

2025ರ ಜುಲೈನಲ್ಲಿ ಅಮೆರಿಕದ ಹೊಸ ಕಾನೂನು ಮೈಲೇಜ್ ದಂಡವನ್ನು ಸೊನ್ನೆಗಿಳಿಸಿತು. ಮಿತಿ ಕಾಗದದ ಮೇಲಿದೆ, ಮೀರಿದವರಿಗೆ ಚೀಟಿ ಹರಿಯುವವರಿಲ್ಲ. ಸ್ಟೆಲಾಂಟಿಸ್‌ನ ರ‍್ಯಾಮ್ ಟ್ರಕ್ಕಿಗೆ ಹೆಮಿ ವಿ8 ವಾಪಸ್ ಬಂದಿದೆ. ಮಸ್ಟಾಂಗ್‌ನ 5 ಲೀಟರ್ ವಿ8 ನಿಂತೇ ಇರಲಿಲ್ಲ. ವಿ8 ಯುಗ ಮರಳಿತು ಎಂದು ಕುಣಿಯುವವರಿದ್ದಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಹೊಸ ಎಂಜಿನ್ ತಯಾರಿಗೆ ವರ್ಷಗಳು ಬೇಕು, ಸರ್ಕಾರ ನಾಲ್ಕು ವರ್ಷಕ್ಕೊಮ್ಮೆ ಬದಲಾಗಬಹುದು. ಹೊಸ ಚಾರ್ಜರ್‌ಗೆ ಕೂತಿರುವುದು 3 ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೊಗಳ ಎಂಜಿನ್. 550 ಹಾರ್ಸ್‌ಪವರ್ ತನಕ ಸಿಗುತ್ತದೆ.

ಅದೇ ಕಾರು ವಿದ್ಯುತ್ತಿನದೂ ಇದೆ, 670 ಹಾರ್ಸ್‌ಪವರ್. ಅದರಲ್ಲಿ ಥ್ರಾಟಲ್ ಬಾಗಿಲೇ ಇಲ್ಲ, ಪಿಚಕಾರಿಯ ಗೋಳೂ ಇಲ್ಲ. ಸದ್ದೂ ಇಲ್ಲವಲ್ಲ ಎಂದು ಡಾಡ್ಜ್‌ನವರಿಗೆ ಚಿಂತೆಯಾಯಿತು. ಹಿಂದುಗಡೆ ಸ್ಪೀಕರು, ಕೊಳವೆ ಎಲ್ಲ ಜೋಡಿಸಿ 126 ಡೆಸಿಬಲ್ ಗುಡುಗುವಂತೆ ಮಾಡಿದರು, ತಮ್ಮ 707 ಹಾರ್ಸ್‌ಪವರಿನ ಪೆಟ್ರೋಲ್ ವಿ8 ಕಾರು ಹೆಲ್‌ಕ್ಯಾಟ್‌ನಷ್ಟೇ ಜೋರು ಎಂದು ಹೇಳಿಕೊಂಡರು. ಹೊಗೆಯೇ ಇಲ್ಲದ ಕಾರಿಗೆ ಸೈಲೆನ್ಸರ್, ಅದೂ ಸದ್ದು ಮಾಡುವ ಸೈಲೆನ್ಸರ್!