ಹೊಸ ಪ್ಯಾಡ್ ಹಾಕಿಸಿದರೂ ಗುಡ್ಡ ಇಳಿಯುವಾಗ ಬ್ರೇಕ್ ಯಾಕೆ ಸುಡುತ್ತದೆ?

ಪ್ರಶ್ನೆ: ನಮ್ಮದು ಡೀಸೆಲ್ ಫೋರ್-ಬೈ-ಫೋರ್, ಮ್ಯಾನುಯಲ್ ಗೇರ್. ಸಂಡೂರು ಕಡೆ ಗುಡ್ಡದ ಮಣ್ಣುದಾರಿ ಹತ್ತೋಕೆ ಏನೂ ತ್ರಾಸಿಲ್ರಿ. ಇಳಿಯುವಾಗ ಮಾತ್ರ ಅರ್ಧ ದಾರಿಗೇ ಸುಟ್ಟ ವಾಸನೆ ಬರ್ತದ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ತದ. ಪ್ಯಾಡ್ ಹೊಸವು ಹಾಕಿಸಿದ್ರೂ ಹಂಗೇ ಐತಿ. ಯಾವ ಪ್ಯಾಡ್ ಹಾಕಿಸಬೇಕು?

ಉತ್ತರ: ಪ್ಯಾಡ್ ಬದಲಿಸುವುದನ್ನು ನಿಲ್ಲಿಸಿ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತಿದೆ ಎಂದರೆ ಕುದಿಯುತ್ತಿರುವುದು ಬ್ರೇಕ್ ಆಯಿಲ್. ಪ್ಯಾಡ್ ಮಾತ್ರ ಅತಿಯಾಗಿ ಕಾದಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ನಿಮ್ಮಲ್ಲಿ ಎರಡೂ ಒಟ್ಟಿಗೆ ನಡೆದಿರಬಹುದು. ಆದರೆ ಮೆತ್ತಗಾಗುವುದು ಹೆಚ್ಚು ಅಪಾಯದ್ದು. ಆಯಿಲ್ ಕುದಿದು ಪೈಪಿನೊಳಗೆ ಆವಿ ತುಂಬುತ್ತದೆ, ಕಾಲಿನ ಒತ್ತಡವೆಲ್ಲ ಆ ಆವಿಯನ್ನು ಅದುಮುವುದಕ್ಕೇ ಖರ್ಚಾಗುತ್ತದೆ, ಚಕ್ರದ ತನಕ ತಲುಪುವುದೇ ಇಲ್ಲ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3 (ಡಾಟ್ ಅಂದರೆ ಆಯಿಲ್‌ನ ದರ್ಜೆ) ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸುವಾಗ ಆಯಿಲ್ ಹಳೆಯದನ್ನೇ ಬಿಡುವುದು ಸಾಮಾನ್ಯ, ನಿಮಗೂ ಹಾಗೇ ಆಗಿರಬೇಕು. ಮೊದಲು ಪೂರ್ತಿ ಆಯಿಲ್ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಪೈಪಿನೊಳಗಿನ ಗಾಳಿ ಹೊರತೆಗೆಸಿ. ಗುಡ್ಡ ಹತ್ತುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಈ ಕೆಲಸ ಬೇಕೇ ಬೇಕು.

ಆಯಿಲ್ ಹೊಸದಾದರೂ ಬ್ರೇಕ್ ತುಳಿದುಕೊಂಡೇ ಇಳಿದರೆ ಮತ್ತೆ ಅದೇ ಕಥೆ. 1,800 ಕೆ.ಜಿ. ತೂಕದ ಗಾಡಿ 300 ಮೀಟರ್ ಎತ್ತರ ಇಳಿದರೆ ಹೊರಬೀಳುವ ಶಕ್ತಿ 16 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅಷ್ಟೂ ಬಿಸಿ ಮುಂದಿನ ಎರಡು ಡಿಸ್ಕ್, ಹಿಂದಿನ ಎರಡು ಡ್ರಮ್ಮಿಗೇ ಹೋಗಬೇಕಾ? ಅದರ ಬಹುಪಾಲನ್ನು ಎಂಜಿನ್ ಹೊರಬೇಕು. ಫೋರ್-ಎಲ್ (ನಾಲ್ಕೂ ಚಕ್ರ ಎಳೆಯುವ, ನಿಧಾನ ವೇಗದ ಗೇರ್ ಸ್ಥಾನ) ಕೊಟ್ಟಿರುವುದು ಹತ್ತುವುದಕ್ಕೆ ಮಾತ್ರ ಎಂದುಕೊಂಡವರೇ ಹೆಚ್ಚು. ಅದರ ದೊಡ್ಡ ಉಪಯೋಗ ಇಳಿಜಾರಿನಲ್ಲೇ ಇದೆ. ಥಾರ್‌ನಲ್ಲಿ ಅದರ ಅನುಪಾತ 2.48, ಜಿಮ್ನಿಯಲ್ಲಿ ಸುಮಾರು 2. ಅಂದರೆ ಅದೇ ಗೇರ್‌ನಲ್ಲಿ ಎಂಜಿನ್ನಿನ ಹಿಡಿತ ಅಷ್ಟು ಪಟ್ಟು ಜಾಸ್ತಿ.

ನೆತ್ತಿಯ ಮೇಲೆ, ಸಮತಟ್ಟು ಇರುವಲ್ಲೇ ನಿಲ್ಲಿಸಿ. ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ಫೋರ್-ಎಲ್ ಹಾಕಿ, ಮೊದಲನೇ ಗೇರ್‌ನಲ್ಲಿ ಹೊರಡಿ. ಆಮೇಲೆ ಕ್ಲಚ್ ಮೇಲಿಂದ ಕಾಲು ಪೂರ್ತಿ ತೆಗೆಯಿರಿ. ಕಡಿದಾದ ಜಾಗಕ್ಕೆ ಒಂದನೇ ಗೇರ್, ಉಳಿದಲ್ಲಿ ಎರಡನೇದು ಸಾಕು. ಆರ್‌ಪಿಎಂ 3,000 ದಾಟುತ್ತಾ ಬಂದರೆ ಬ್ರೇಕ್ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಸ್ವಲ್ಪ ಸ್ವಲ್ಪವೇ ಒತ್ತಿಕೊಂಡು ಇರುವುದೇ ಸುಡುವ ಚಾಳಿ. ನಿಮ್ಮ ಗಾಡಿಯಲ್ಲಿ ಹಿಲ್ ಡಿಸೆಂಟ್ ಕಂಟ್ರೋಲ್ ಇದ್ದರೂ ಅದನ್ನೇ ನಂಬಬೇಡಿ. ಅದು ಬ್ರೇಕನ್ನೇ ತಾನಾಗಿ ಒತ್ತುವ ವ್ಯವಸ್ಥೆ, ಉದ್ದದ ಇಳಿಜಾರಿನಲ್ಲಿ ಅದರಿಂದಲೂ ಡಿಸ್ಕ್ ಕಾಯುತ್ತದೆ.

ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಮಾಡಿ ಬಿಡುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಈಗಿನ ಎಂಜಿನ್‌ಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಓಡಲು ಖರ್ಚಾಗುತ್ತದೆ. ಎಂಜಿನ್ ಆಫ್ ಮಾಡಿದರೆ ಇನ್ನೂ ಕೆಟ್ಟದು: ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಖಾಲಿ, ಸ್ಟೀರಿಂಗ್ ಕಲ್ಲಾಗುತ್ತದೆ.

ಸಂಡೂರಿನ ಮಣ್ಣು ಬೇರೆ ಥರದ್ದು. ಅದಿರಿನ ಕೆಂಪು ಪುಡಿ ಒಣಗಿದ್ದಾಗ ಹಿಟ್ಟಿನಂತೆ ಜಾರುತ್ತದೆ, ನೆನೆದರೆ ಟೈರಿನ ಹಲ್ಲುಗಳ ಸಂದೆಲ್ಲ ತುಂಬಿಕೊಳ್ಳುತ್ತದೆ. ಮಳೆ ನಿಂತ ದಿನ ಇಳಿಯದಿರುವುದು ಲೇಸು. ಇಳಿಯಲೇಬೇಕಾಗಿ ಬಂದು ಚಕ್ರ ತಿರುಗದೆ ಗಾಡಿ ಜಾರಿದರೆ, ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಚೂರು ಮುಟ್ಟಿ. ಚಕ್ರ ಮತ್ತೆ ತಿರುಗಿದಾಗಲೇ ಸ್ಟೀರಿಂಗ್ ಮಾತು ಕೇಳುವುದು. ಇಳಿಜಾರಿಗೆ ಅಡ್ಡವಾಗಿ ಯಾವತ್ತೂ ಹೋಗಬೇಡಿ, ನೇರ ಇಳಿಯಿರಿ. ಮಗುಚುವುದು ಅಡ್ಡ ಹೋದಾಗ. ಟೈರ್ ಗಾಳಿ 32 ಪಿಎಸ್‌ಐ ಇದ್ದರೆ ಕಲ್ಲುದಾರಿಗೆ 24ಕ್ಕೆ ಇಳಿಸಬಹುದು. ತುಂಬಿಸಲು 12 ವೋಲ್ಟ್ ಕಂಪ್ರೆಸರ್ ಇಲ್ಲದಿದ್ದರೆ ಆ ಗೋಜಿಗೆ ಹೋಗಬೇಡಿ.

ಹತ್ತುವಾಗ ನಡುವೆ ಎಂಜಿನ್ ನಿಂತುಹೋದರೂ ಇದೇ ತತ್ವ. ಕಾಲು ಬ್ರೇಕಿನ ಮೇಲಿರಲಿ, ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಗಾಡಿಯನ್ನು ಗೇರಿಗೆ ಒಪ್ಪಿಸಿ, ಹಾಗೇ ಸ್ಟಾರ್ಟ್ ಮಾಡಿ, ಬ್ರೇಕ್ ಮೆಲ್ಲಗೆ ಬಿಡುತ್ತಾ, ಹಿಂದೆ ನೋಡುತ್ತಾ ನೇರ ಇಳಿಸಿ. ಗಾಡಿ ತಿರುಗಿಸಲು ಹೋಗಬೇಡಿ. (ಕೆಲವು ಗಾಡಿಗಳು ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ, ನಿಮ್ಮದನ್ನು ಸಮತಟ್ಟಿನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ.)

ಈಗಾಗಲೇ ವಾಸನೆ ಬಂದಿದ್ದರೆ ಅಗಲ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಗೇರ್ ಹಾಕಿಡಿ. ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದರೆ ಆರುವಾಗ ಶೂ ಅಂಟಿಕೊಳ್ಳಬಹುದು. ಡಿಸ್ಕಿಗೆ ನೀರಂತೂ ಸುರಿಯಲೇಬೇಡಿ, ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ. ಅರ್ಧ ಗಂಟೆ ಬಿಡಿ. ಹೊರಡುವ ಮುನ್ನ ಪೆಡಲ್ ಒತ್ತಿ ನೋಡಿ, ಇನ್ನೂ ಮೆತ್ತಗಿದ್ದರೆ ಕಾಯಿರಿ. ಆಯಿಲ್ ಒಮ್ಮೆ ಕುದಿದಿದ್ದರೆ ಊರಿಗೆ ಬಂದ ಮೇಲೆ ಬ್ಲೀಡ್ ಮಾಡಿಸಲೇಬೇಕು.

ದಾರಿಯ ವಿಚಾರ. ಕುಮಾರಸ್ವಾಮಿ ಗುಡಿಗೆ ಹೋಗಲು ರಸ್ತೆಯೇ ಇದೆ. ಹಿಂದೆ ಬಳ್ಳಾರಿ ದಂಡಿನ ಬ್ರಿಟಿಷರು ಬೇಸಿಗೆ ಕಳೆಯುತ್ತಿದ್ದ ರಾಮಗಡದ ಕಡೆಯಾಗಲಿ, ನಾರಿಹಳ್ಳ ಗುಡ್ಡ ಸೀಳಿಕೊಂಡು ಹರಿಯುವ ಓಬಳಗಂಡಿ, ಭೀಮಗಂಡಿಗಳ ಸುತ್ತಲಾಗಲಿ, ಮೀಸಲು ಅರಣ್ಯ ಮತ್ತು ಗಣಿ ಗುತ್ತಿಗೆ ಜಾಗ ಬಹಳ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನ ಮಣ್ಣುದಾರಿಗೆ ಇಳಿಯಬೇಡಿ. ಗಣಿ ದಾರಿಯಲ್ಲಿ ಎದುರು ಬರುವ ತುಂಬಿದ ಟಿಪ್ಪರಿಗೆ ನೀವೇ ಜಾಗ ಬಿಡಿ, ಅದರ ಧೂಳು ಇಳಿಯುವ ತನಕ ನಿಂತೇ ಇರಿ. ಡಾಂಬರು ಸಿಕ್ಕ ತಕ್ಷಣ ಎರಡೇ ಚಕ್ರ ಎಳೆಯುವ ಟೂ-ಎಚ್‌ಗೆ ಬನ್ನಿ. ಒಣ ಡಾಂಬರಿನ ತಿರುವುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ಒಂದನ್ನೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿಯಾಗುತ್ತದೆ, ಆಮೇಲೆ ಲಿವರ್ ಕೂಡ ಕದಲುವುದಿಲ್ಲ.