ತಂಡ ಸೋಲುತ್ತಲೇ ಇರುವಾಗ ನನ್ನ ಆಟ ಸುಧಾರಿಸುವುದು ಹೇಗೆ?

ಪ್ರಶ್ನೆ: ತುಮಕೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಹಾಸ್ಟೆಲ್ ವಾಸ. ಒಂದು ವರ್ಷದಿಂದ ಗೆಳೆಯರ ಜೊತೆ ವ್ಯಾಲರಂಟ್ (ಐದೈದು ಜನರ ಎರಡು ತಂಡಗಳು ಗುಂಡು ಹಾರಿಸಿ ಸೆಣಸುವ ಆನ್‌ಲೈನ್ ಆಟ) ಆಡುತ್ತಿದ್ದರೂ ಸಿಲ್ವರ್ ದರ್ಜೆ ದಾಟಲು ಆಗುತ್ತಿಲ್ಲ. ನಾನೇ ಎಲ್ಲರಿಗಿಂತ ಹೆಚ್ಚು ಎದುರಾಳಿಗಳನ್ನು ಹೊಡೆದ ಪಂದ್ಯಗಳಲ್ಲೂ ತಂಡ ಸೋಲುತ್ತದೆ. ಕಳೆದ ವಾರ ಒಂದೇ ರಾತ್ರಿ ಸಾಲಾಗಿ ಐದು ಪಂದ್ಯ ಸೋತೆವು. ಹೀಗೆ ಸೋಲುತ್ತಲೇ ಸುಧಾರಿಸಲು ಸಾಧ್ಯವೇ ಸರ್? ಅಪ್ಪ ಇದೂ ಇಸ್ಪೀಟೂ ಒಂದೇ ಎನ್ನುತ್ತಾರೆ.

ಉತ್ತರ: ಸಾಧ್ಯ. ಆದರೆ ಮೊದಲು ಆ ಐದು ಸೋಲುಗಳ ಲೆಕ್ಕ ಮುಗಿಸೋಣ. ಅವಕ್ಕೆ ನೀವು ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಟ್ಟಿದ್ದೀರಿ.

ಇಂಥ ಆಟಗಳು ಎದುರಾಳಿಯನ್ನು ಹುಡುಕಿಕೊಡುವುದೇ ಪಂದ್ಯ ಸಮಬಲದ್ದಾಗಿರಲಿ ಎಂದು. ಈ ವಿಚಾರ ಬಂದಿದ್ದು ಚದುರಂಗದಿಂದ. ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರ ಪ್ರಾಧ್ಯಾಪಕ ಆರ್ಪಾಡ್ ಎಲೊ ರೂಪಿಸಿದ, ಆಟಗಾರರ ಬಲವನ್ನು ಸಂಖ್ಯೆಯಲ್ಲಿ ಹೇಳುವ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಒಕ್ಕೂಟ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ರೇಟಿಂಗ್ ಸಮವಾಗಿದ್ದರೆ ಇಬ್ಬರಿಗೂ ಅರ್ಧರ್ಧ ಅವಕಾಶ. ರೇಟಿಂಗ್ 200 ಹೆಚ್ಚಿರುವವರು ಪಂದ್ಯಗಳ ಅಂಕಗಳಲ್ಲಿ ಸುಮಾರು ಮುಕ್ಕಾಲು ಪಾಲು ಗಳಿಸಬೇಕು. ಇಂದಿನ ಆನ್‌ಲೈನ್ ಆಟಗಳ ಲೆಕ್ಕ ಇದಕ್ಕಿಂತ ಜಟಿಲ, ತಿರುಳು ಮಾತ್ರ ಇದೇ. ನೀವು ಗೆದ್ದಂತೆಲ್ಲ ಎದುರಾಳಿಗಳು ಬಲಗೊಳ್ಳುತ್ತಾರೆ. ಆದ್ದರಿಂದ ಮುಂದೆ ನೀವು ಇನ್ನೂ ಮೇಲಿನ ಪ್ಲಾಟಿನಂ ದರ್ಜೆ ಮುಟ್ಟಿದರೂ ಹೆಚ್ಚು ಕಡಿಮೆ ಅರ್ಧ ಪಂದ್ಯಗಳನ್ನು ಸೋಲುತ್ತಲೇ ಇರುತ್ತೀರಿ.

ಅರ್ಧರ್ಧ ಎಂದರೆ ಒಂದು ಗೆಲುವು, ಒಂದು ಸೋಲು ಎಂದು ಸರದಿ ಪ್ರಕಾರ ಬರುವುದಿಲ್ಲ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಅವಕಾಶ ಶೇ 50 ಎಂದಿಟ್ಟುಕೊಳ್ಳಿ. ನೂರು ಪಂದ್ಯಗಳಲ್ಲಿ ಎಲ್ಲಾದರೊಂದು ಕಡೆ ಸತತ ಐದು ಸೋಲು ಬೀಳುವ ಸಂಭವ ಶೇ 81. ಸತತ ಆರು ಸೋಲಿನ ಸಂಭವವೂ ಅರ್ಧಕ್ಕಿಂತ ಹೆಚ್ಚು. ಇನ್ನು ನೂರರಲ್ಲಿ 43 ಗೆದ್ದರೂ 57 ಗೆದ್ದರೂ ಅದು ಬರೀ ಅದೃಷ್ಟದ ಏರಿಳಿತ ಇರಬಹುದು. ಹೀಗಿರುವಾಗ ಒಂದು ರಾತ್ರಿಯ ಫಲಿತಾಂಶ ನಿಮ್ಮ ಆಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ವರ್ಷ ಸಿಲ್ವರ್‌ನಲ್ಲೇ ನಿಂತಿರುವುದು ಮಾತ್ರ ಹೇಳುತ್ತದೆ. ಅದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ.

‘ಜೊತೆಗೆ ಸಿಗುವವರೇ ಸರಿಯಿಲ್ಲ’ ಎನ್ನುವ ಮಾತು ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಸಾಲುಗಳ ನಡುವೆ ಇದೆ. ಅದಕ್ಕೂ ಲೆಕ್ಕವೇ ಉತ್ತರ. ಬೇಜವಾಬ್ದಾರಿಯಿಂದ ಆಡುವವನು ನಿಮ್ಮ ಕಡೆ ಬರಲು ನಾಲ್ಕು ಜಾಗಗಳಿವೆ, ಏಕೆಂದರೆ ಐದನೆಯದರಲ್ಲಿ ನೀವಿದ್ದೀರಿ. ಎದುರು ತಂಡದಲ್ಲಿ ಅವನಿಗೆ ಐದು ಜಾಗ. ನೀವು ನೆಟ್ಟಗೆ ಆಡುವವರಾದರೆ ಈ ವಿಷಯದಲ್ಲಿ ಅದೃಷ್ಟ ನಿಮ್ಮ ಕಡೆಗೇ ವಾಲಿರುತ್ತದೆ.

ಹಾಗಾದರೆ ಹೆಚ್ಚು ಹೊಡೆದರೂ ಸೋಲುವುದು ಏಕೆ? ಈಚೆಗೆ ಎಸ್.ಎಸ್. ಪುರಂನ ಗೇಮಿಂಗ್ ಕೆಫೆಯೊಂದರಲ್ಲಿ ಹುಡುಗರ ಬೆನ್ನ ಹಿಂದೆ ನಿಂತು ನೋಡಿದ ಒಂದು ರೌಂಡ್ ಹೇಳುತ್ತೇನೆ. ಅಸೆಂಟ್ ಎಂಬ ಮ್ಯಾಪ್ (ಆಟದ ಕಣ), 11–11ರ ಸಮ. ನಮ್ಮ ಹುಡುಗರು ಬಾಂಬ್ ನೆಡುವ ಜಾಗವಾದ ಬಿ ಸೈಟ್‌ನಲ್ಲಿ ಸ್ಪೈಕ್ (ಆ ಬಾಂಬಿನ ಹೆಸರು) ನೆಟ್ಟಿದ್ದರು. ಅದು ಸಿಡಿದರೆ ರೌಂಡ್ ಇವರದು. ಇವರು ಮೂವರು, ಅವರು ಇಬ್ಬರು. ನೆಟ್ಟ ಸ್ಪೈಕ್ ಸಿಡಿಯಲು 45 ಸೆಕೆಂಡು. ಎದುರಾಳಿ ಅದನ್ನು ಪೂರ್ತಿ ಡಿಫ್ಯೂಸ್ (ನಿಷ್ಕ್ರಿಯ) ಮಾಡಲು 7 ಸೆಕೆಂಡು. ಅಂದರೆ 38 ಸೆಕೆಂಡಿನೊಳಗೆ ಆ ಇಬ್ಬರಲ್ಲಿ ಒಬ್ಬನು ಬಯಲಿಗೆ ಬಂದು ಸ್ಪೈಕಿನ ಮುಂದೆ ಮಂಡಿ ಊರಲೇಬೇಕು. ಇವರು ಬಿ ಮೇನ್ ಎಂಬ, ಸೈಟಿಗೆ ಬರುವ ದಾರಿಯ ಬಾಯಲ್ಲಿ ನಿಂತು ಆ ಜಾಗಕ್ಕೆ ಗುರಿಯಿಟ್ಟು ಕಾದಿದ್ದರೆ ಸಾಕಿತ್ತು. ಆದರೆ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಹುಡುಗನಿಗೆ ಸೈಟಿನ ಪಕ್ಕದ ಮಾರ್ಕೆಟ್ ಕಡೆ ಹೆಜ್ಜೆ ಸಪ್ಪಳ ಕೇಳಿಸಿತು. ಹುಡುಕಿಕೊಂಡು ಹೋದ, ಮೂಲೆ ತಿರುಗುತ್ತಿದ್ದಂತೆ ಸತ್ತ. ಅವನ ಸೇಡು ತೀರಿಸಲು ಎರಡನೆಯವನು ಅದೇ ಮೂಲೆಗೆ ಓಡಿದ, ಅವನೂ ಸತ್ತ. ಉಳಿದ ಒಬ್ಬನಿಂದ ಇಬ್ಬರನ್ನು ತಡೆಯಲಾಗಲಿಲ್ಲ. ಸ್ಪೈಕ್ ಡಿಫ್ಯೂಸ್ ಆಯಿತು. ಮುಂದಿನ ರೌಂಡ್ ಕೂಡ ಹೋಗಿ ಪಂದ್ಯ 11–13. ಬೈಗುಳ ಬಿದ್ದದ್ದು ಯಾರಿಗೆ? ಕೊನೆಗೆ ಉಳಿದವನಿಗೆ.

ಕಬಡ್ಡಿಯಲ್ಲಿ ರೇಡರ್ ಒಬ್ಬನನ್ನು ಮುಟ್ಟಿಯಾದ ಮೇಲೆ ನಡುಗೆರೆಗೆ ಮರಳುವುದು ಬಿಟ್ಟು ಇನ್ನೂ ಒಳಗೆ ನುಗ್ಗಿದರೆ ಏನಾಗುತ್ತದೋ ಅಲ್ಲಿ ಆದದ್ದು ಅದೇ. ಗೆಲುವು ಕೈಯಲ್ಲಿತ್ತು, ಗಡಿಯಾರ ಇವರ ಪರವಾಗಿ ಓಡುತ್ತಿತ್ತು. ಅಂಕಪಟ್ಟಿ ಇದನ್ನು ತೋರಿಸುವುದಿಲ್ಲ. ಆ ಹುಡುಗನ ಹೆಸರಿನ ಮುಂದೆ 24 ಹೊಡೆತಗಳು ಹಾಗೇ ಉಳಿದವು, ರೌಂಡ್ ಕಳೆದವನು ಅವನೇ ಎಂದು ಎಲ್ಲೂ ಬರೆದಿರಲಿಲ್ಲ. ನಿಮ್ಮ ಪಂದ್ಯಗಳಲ್ಲಿಯೂ ಇಂಥದ್ದೇ ನಡೆಯುತ್ತಿರಬೇಕು ಎಂಬುದು ನನ್ನ ಊಹೆ.

ಊಹೆ ನಿಜವೋ ಸುಳ್ಳೋ ಎಂದು ನೀವೇ ಪರೀಕ್ಷಿಸಬಹುದು. ವ್ಯಾಲರಂಟ್‌ನ ಕಂಪ್ಯೂಟರ್ ಆವೃತ್ತಿಗೆ 2025ರಲ್ಲಿ ರೀಪ್ಲೇ (ಆಡಿದ ಪಂದ್ಯವನ್ನು ಮತ್ತೆ ನೋಡುವ) ಸೌಲಭ್ಯ ಬಂದಿದೆ. ಸೋತ ಪಂದ್ಯಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ, ಅದೂ ಹೀನಾಯವಾಗಿ ಸೋತದ್ದಲ್ಲ, ಕೂದಲೆಳೆಯಲ್ಲಿ ಕೈತಪ್ಪಿದ್ದು. ಪೂರ್ತಿ ನೋಡುವ ಅಗತ್ಯವಿಲ್ಲ. ನೀವು ಸತ್ತ ಪ್ರತಿ ಕ್ಷಣಕ್ಕಿಂತ ಹತ್ತು ಸೆಕೆಂಡು ಹಿಂದೆ ಹೋಗಿ ನಿಲ್ಲಿಸಿ. ಆಗ ನನಗೆ ಏನೇನು ಗೊತ್ತಿತ್ತು? ನಾನು ಬಿದ್ದರೆ ಕೂಡಲೇ ಹೊಡೆದವನನ್ನು ಹೊಡೆಯುವಷ್ಟು ಹತ್ತಿರದಲ್ಲಿ ಯಾರಾದರೂ ಇದ್ದರೇ? ಅಷ್ಟಕ್ಕೂ ನಾನು ಅಲ್ಲಿಗೆ ಹೋಗಬೇಕಿತ್ತೇ? ಇವಿಷ್ಟೇ ಪ್ರಶ್ನೆಗಳು. ಎರಡನೆಯದು ಮುಖ್ಯ. ಆಟಗಾರರು ಟ್ರೇಡ್ ಎನ್ನುವುದು ಇದನ್ನೇ. ಟ್ರೇಡ್ ಆದ ಸಾವು ತಂಡಕ್ಕೆ ನಷ್ಟವಲ್ಲ, ಲೆಕ್ಕ ಸಮ. ಒಬ್ಬಂಟಿಯಾಗಿ ಹೋಗಿ ಸತ್ತರೆ ಮಿಕ್ಕ ನಾಲ್ವರು ಐವರನ್ನು ಎದುರಿಸಬೇಕು. ಇನ್ನು ಮುಂದೆ ನೋಟ್‌ಬುಕ್ಕಿನಲ್ಲಿ ಗೆಲುವು ಸೋಲು ಬರೆಯುವುದು ಬಿಟ್ಟು, ಪಂದ್ಯಕ್ಕೆ ಎಷ್ಟು ಸಲ ಟ್ರೇಡ್ ಇಲ್ಲದೆ ಸತ್ತೆ ಎಂಬ ಒಂದೇ ಸಂಖ್ಯೆಯನ್ನು ಬರೆಯಿರಿ. ದರ್ಜೆ ಅಲುಗಾಡದ ತಿಂಗಳಲ್ಲೂ ಈ ಸಂಖ್ಯೆ ಇಳಿಯಬಹುದು.

ಗುರಿಯ ಅಭ್ಯಾಸ ಬೇಡವೇ? ಬೇಕು, ಆದರೆ ಗಂಟೆಗಟ್ಟಲೆ ಅಲ್ಲ. ಸಿಲ್ವರ್ ಮಟ್ಟದ ಆಟಗಾರರ ಪರದೆ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ: ನಡೆಯುವಾಗ ಗುರಿ ತೋರಿಸುವ ಚಿಹ್ನೆಯಾದ ಕ್ರಾಸ್‌ಹೇರ್ ನೆಲ ನೋಡುತ್ತಿರುತ್ತದೆ. ಎದುರಾಳಿ ಕಂಡಾಗ ಅದನ್ನು ತಲೆಯ ಮಟ್ಟಕ್ಕೆ ಎತ್ತುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ವ್ಯಾಂಡಲ್ ಬಂದೂಕಿನ ಒಂದೇ ಗುಂಡು ತಲೆಗೆ ತಗುಲಿದರೆ 160 ಪೆಟ್ಟು. ಪೂರ್ಣ ಕವಚ ಧರಿಸಿದವನ ಬಳಿ ಜೀವ, ಕವಚ ಎರಡೂ ಸೇರಿ ಇರುವುದೇ 150. ಹಾಗಾಗಿ ಕ್ರಾಸ್‌ಹೇರ್ ಮೊದಲೇ ತಲೆಯ ಎತ್ತರದಲ್ಲಿರಬೇಕು, ಗುಂಡು ಹಾರಿಸುವ ಮುನ್ನ ಕಾಲು ನಿಂತಿರಬೇಕು. ಪಂದ್ಯಕ್ಕೆ ಮೊದಲು ಒಂದೇ ಒಂದು ಡೆತ್‌ಮ್ಯಾಚ್ (ತಂಡವಿಲ್ಲದೆ ಎಲ್ಲರೂ ಎಲ್ಲರನ್ನೂ ಹೊಡೆಯುವ ಆಟ), ಈ ಎರಡರ ಮೇಲಷ್ಟೇ ಗಮನ. ಅಲ್ಲಿ ಎಷ್ಟನೇ ಸ್ಥಾನ ಬಂತೆಂದು ನೋಡಲೂಬೇಡಿ.

ರೌಂಡಿಗೆ ಮೊದಲು ಆಯುಧ ಕೊಳ್ಳುವ ಲೆಕ್ಕವನ್ನು ನಿಮ್ಮ ಗೆಳೆಯರ ತಂಡ ಒಮ್ಮೆ ಕೂತು ಬಗೆಹರಿಸಿಕೊಳ್ಳಿ. ಮೊದಲ ರೌಂಡಿಗೆ ತಲಾ 800 ಕ್ರೆಡಿಟ್ (ಆಟದೊಳಗಿನ ಹಣ). ಅದನ್ನು ಸೋತರೆ 1900 ಬರುತ್ತದೆ, ಮತ್ತೊಮ್ಮೆ ಸೋತರೆ 2400. ವ್ಯಾಂಡಲ್‌ಗೆ 2900, ಪೂರ್ಣ ಕವಚಕ್ಕೆ 1000. ಎರಡನೇ ರೌಂಡಿನಲ್ಲಿ ಕೈ ಬಿಗಿ ಹಿಡಿದರೆ ಮೂರನೆಯದಕ್ಕೆ ಐವರೂ ಪೂರ್ಣ ಸಜ್ಜಾಗಬಹುದು. ನಾಲ್ವರು ಉಳಿಸಿದಾಗ ಒಬ್ಬನು ಕೊಂಡರೆ ಆ ರೌಂಡೂ ಹೋಗುತ್ತದೆ, ಅವನ ಮುಂದಿನ ಸಜ್ಜೂ ಹೋಗುತ್ತದೆ.

ಮಾತಿನ ವಿಷಯ ನಮ್ಮ ಕಡೆಯವರಿಗೆ ಬೇರೆಯೇ ತೊಡಕು. ಗೆಳೆಯರಿಲ್ಲದೆ ಮುಂಬೈ ಸರ್ವರ್‌ನಲ್ಲಿ ಒಬ್ಬರೇ ಆಡಲು ಕುಳಿತರೆ ಜೊತೆಯವರು ಹಿಂದಿಯಲ್ಲಿ ಮಾತಾಡುತ್ತಾರೆ, ಹುಡುಗರು ಸಂಕೋಚಪಟ್ಟು ಮೈಕ್ ಮುಚ್ಚಿಬಿಡುತ್ತಾರೆ. ಜಾಗದ ಹೆಸರು, ಎಷ್ಟು ಜನ, ಯಾರಿಗೆ ಎಷ್ಟು ಪೆಟ್ಟು ಬಿದ್ದಿದೆ, ಇಷ್ಟಕ್ಕೆ ಹಿಂದಿ ಪಾಂಡಿತ್ಯ ಬೇಕಿಲ್ಲ. ‘ಬಿ ಮೇನ್, ಇಬ್ಬರು’ ಎಂಬಷ್ಟನ್ನು ಮುರುಕು ಹಿಂದಿಯಲ್ಲಿ ಹೇಳಿದರೂ ಕೇಳಿಸಿಕೊಳ್ಳುತ್ತಾರೆ. ಆದರೆ ಸತ್ತ ಮೇಲೆ ಒಂದು ಸಲ ಹೇಳಿ ಸುಮ್ಮನಾಗಿ. ಬದುಕಿರುವವನು ಹೆಜ್ಜೆ ಸಪ್ಪಳ ಕೇಳಿಸಿಕೊಳ್ಳಬೇಕು. ಬೈಯುವವರನ್ನು ಮೊದಲ ಬೈಗುಳಕ್ಕೇ ಮ್ಯೂಟ್ ಮಾಡಿ. ಅವರಿಗೆ ಬುದ್ಧಿ ಹೇಳಲು ಹೋಗಬೇಡಿ.

ಕೆಫೆಯಲ್ಲಿ ಆಡುವುದಾದರೆ ಇನ್ನೊಂದು. ಪ್ರತಿ ಸಲ ಬೇರೆ ಯಂತ್ರ, ಬೇರೆ ಮೌಸ್. ಮೌಸ್‌ನ ಡಿಪಿಐ (ಕೈಯ ಚಲನೆಗೆ ಮೌಸ್ ಸ್ಪಂದಿಸುವ ಪ್ರಮಾಣ) ಬದಲಾದರೆ ಆಟದೊಳಗಿನ ಸೆನ್ಸಿಟಿವಿಟಿ ಅದೇ ಇದ್ದರೂ ಕೈಗೆ ಬೇರೆಯಾಗಿಯೇ ಅನ್ನಿಸುತ್ತದೆ. ಎರಡನ್ನೂ ಗುಣಿಸಿ ಬರುವ ಸಂಖ್ಯೆ ಮುಖ್ಯ: 800 ಡಿಪಿಐಗೆ 0.35 ಇಟ್ಟರೆ 280. ಮೌಸ್ 1600ರದ್ದಾದರೆ 0.175 ಇಡಬೇಕು. ಇದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಹಾಸ್ಟೆಲ್ಲಿನ ವೈಫೈ ಸಂಜೆ ಹೊತ್ತು ಎಲ್ಲರ ಕೈಯಲ್ಲೂ ನರಳುತ್ತಿರುತ್ತದೆ, ಕೇಬಲ್ ಸಿಕ್ಕರೆ ಕೇಬಲ್ಲೇ ಲೇಸು. ಮಳೆಗೆ ಕರೆಂಟ್ ಕಣ್ಣಾಮುಚ್ಚಾಲೆ ಆಡುವ ದಿನ ರ‍್ಯಾಂಕ್ ಪಂದ್ಯಕ್ಕೆ ಕೈ ಹಾಕಬೇಡಿ: ನಡುವೆ ಬಿಟ್ಟು ಹೋದದ್ದಕ್ಕೆ ದಂಡ ಬೀಳುತ್ತದೆ, ಕಾರಣ ಯಾರೂ ಕೇಳುವುದಿಲ್ಲ.

ಕೆಫೆಯಲ್ಲಿ ಮೂರು ಗಂಟೆ ಕೂರಲು ದುಡ್ಡು ಕೊಟ್ಟಾಗಿದೆ ಎಂದು ಮೂರು ಗಂಟೆಯೂ ರ‍್ಯಾಂಕ್ ಪಂದ್ಯವನ್ನೇ ಆಡುವುದು ಕೆಟ್ಟ ಲೆಕ್ಕ. ಸಾಲಾಗಿ ಎರಡು ಸೋತರೆ ಉಳಿದ ಹೊತ್ತಿನಲ್ಲಿ ರೀಪ್ಲೇ ನೋಡಿ. ಮೂರನೆಯದನ್ನು ಆಡುವುದು ಆಟಕ್ಕಲ್ಲ, ಸಿಟ್ಟಿಗೆ. ನಿಮ್ಮ ಐದನೇ ಸೋಲು ಎಷ್ಟು ಹೊತ್ತಿಗೆ ಆಯಿತು, ಮರುದಿನ ಮೊದಲ ಪೀರಿಯಡ್‌ಗೆ ಹೋದಿರೋ ಇಲ್ಲವೋ ಎಂದು ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ.

ಅಪ್ಪನವರ ಮಾತಿಗೆ: 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೊ ಆಟ) ಅನ್ನು ಬೇರೆಯಾಗಿ ಗುರುತಿಸಿದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕಗಳೂ ಇದ್ದವು. ಅವರ ಆತಂಕ ಕಾಯ್ದೆಯದ್ದಲ್ಲ, ನಿಮ್ಮ ಪರೀಕ್ಷೆಯ ಅಂಕಪಟ್ಟಿಯದ್ದು ಎಂದಾದರೆ ಈ ಉತ್ತರ ತೋರಿಸಿ ಪ್ರಯೋಜನವಿಲ್ಲ.

ದುಡ್ಡು ಕೊಟ್ಟರೆ ನಿಮ್ಮ ಖಾತೆಯಲ್ಲಿ ತಾವೇ ಆಡಿ ಸಿಲ್ವರ್ ಮೇಲಿನ ಗೋಲ್ಡ್ ದರ್ಜೆ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ಸಿಕ್ಕಿಬಿದ್ದರೆ ಖಾತೆಗೇ ನಿರ್ಬಂಧ ಬೀಳಬಹುದು. ಬೀಳದಿದ್ದರೂ ಮರುದಿನದಿಂದ ನಿಮ್ಮನ್ನು ಗೋಲ್ಡ್ ಆಟಗಾರರ ಎದುರೇ ಕೂರಿಸಲಾಗುತ್ತದೆ, ಆಗ ಅರ್ಧದಷ್ಟು ಗೆಲ್ಲುವ ಅವಕಾಶವೂ ಉಳಿಯುವುದಿಲ್ಲ.