ಮಾಲ್ಡೀವ್ಸ್‌ನಲ್ಲಿ ಅಷ್ಟು ಬಿಸಿಲಿದ್ದೂ ಡೀಸೆಲ್ ಯಾಕೆ?

ಪ್ರಶ್ನೆ: ಮಾಲ್ಡೀವ್ಸ್ ಪುಟ್ಟ ದೇಶ, ಬಿಸಿಲಿಗೂ ಬರ ಇಲ್ಲ. ಆದರೂ ಕರೆಂಟಿಗೆ ಡೀಸೆಲ್ ಜನರೇಟರ್ ಓಡಿಸ್ತಾರಂತೆ. ಸೋಲಾರ್ ಹಾಕಿ, ಬ್ಯಾಟರಿ ಇಟ್ಟರೆ ಮುಗೀತಲ್ವಾ?

ಉತ್ತರ: ಬಹುಪಾಲು ಮುಗಿಯುತ್ತದೆ. ತಾಪತ್ರಯ ಇರುವುದು ಉಳಿದ ಚೂರಿನಲ್ಲಿ.

ಅಲ್ಲಿರುವುದು ಸುಮಾರು 1,200 ಹವಳದ ದ್ವೀಪಗಳು. ಜನ ವಾಸ ಇರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಲೈನ್ ಎಳೆಯೋಣ ಅಂದ್ರೆ ನಡುವೆ ಸಮುದ್ರ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ದ್ವೀಪಕ್ಕೂ ಅದರದೇ ಪವರ್‌ಹೌಸ್, ಅದರದೇ ಜನರೇಟರ್. ಡೀಸೆಲ್ ಹಡಗಿನಲ್ಲಿ ಬರಬೇಕು. ಒಂದು ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ಸಿಗುತ್ತದೆ. ನಮ್ಮ ಬಂಕಿನ ರೇಟ್ ಹಿಡಿದರೂ ಯೂನಿಟ್‌ಗೆ ಇಪ್ಪತ್ತು ರೂಪಾಯಿ ದಾಟುತ್ತದೆ, ಅದೂ ಬರೀ ಎಣ್ಣೆ ಖರ್ಚು. ಸೋಲಾರ್ ಕರೆಂಟಿಗೆ ವಿಶ್ವಬ್ಯಾಂಕ್ ನೆರವಿನಲ್ಲಿ ಅಲ್ಲಿ ಕರೆದ 11 ಮೆಗಾವಾಟ್ ಟೆಂಡರ್‌ನಲ್ಲಿ ಬಂದ ರೇಟ್ ಯೂನಿಟ್‌ಗೆ ಹತ್ತು ಅಮೆರಿಕನ್ ಸೆಂಟ್‌ಗಿಂತ ಕಡಿಮೆ. ಅಂದರೆ ಎಂಟು ರೂಪಾಯಿ ಆಸುಪಾಸು. ಹಾಗಾಗಿ ಪ್ಯಾನೆಲ್ ಹಾಕಬೇಕೋ ಬೇಡವೋ ಅನ್ನೋ ಚರ್ಚೆಯೇ ಈಗ ಇಲ್ಲ. 2028ರೊಳಗೆ ಮೂರನೇ ಒಂದು ಭಾಗ ಕರೆಂಟ್ ಹಸಿರು ಮೂಲದಿಂದ ಬರಬೇಕು ಅಂತ ಸರ್ಕಾರ 2023ರಲ್ಲೇ ಘೋಷಿಸಿದೆ.

ಜಾಗದ ಕಷ್ಟ ಇದೆ, ನಿಜ. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ. ಅಷ್ಟು ಜಾಗ ಅಲ್ಲಿ ಯಾರು ಕೊಡ್ತಾರೆ? ಶಾಲೆಯ ಮಾಡು, ಬಂದರಿನ ಮಾಡು, ರಸ್ತೆಯ ಅಂಚು, ಹೀಗೆ ಸಿಕ್ಕಲ್ಲೆಲ್ಲ ಹಾಕಬೇಕು.

ಆದರೆ ನಿಜವಾದ ತಲೆನೋವು ಮೋಡ. ಪಾವಗಡದ ಮೇಲೆ ಮೋಡ ಕವಿದರೆ ಬೆಂಗಳೂರಿಗೆ ಗೊತ್ತೂ ಆಗಲ್ಲ. ಶರಾವತಿ ಇದೆ, ರಾಯಚೂರು ಇದೆ, ಅದರಾಚೆ ಇಡೀ ದೇಶದ ಗ್ರಿಡ್ ಇದೆ. ಒಂದು ಕಿಲೋಮೀಟರ್ ಉದ್ದದ ದ್ವೀಪಕ್ಕೆ ಒಂದೇ ಮೋಡ ಸಾಕು, ಎಲ್ಲ ಪ್ಯಾನೆಲ್ ಒಟ್ಟಿಗೆ ಮಂಕಾಗುತ್ತವೆ. ನಿಂತ ಜನರೇಟರ್ ಚಾಲೂ ಆಗಿ ಲೋಡ್ ಎತ್ತಿಕೊಳ್ಳುವಷ್ಟರಲ್ಲಿ ಊರೆಲ್ಲ ಕತ್ತಲಾಗಬಹುದು. ಅದಕ್ಕೇ ಬಿಸಿಲಿದ್ದಾಗಲೂ ಒಂದು ಜನರೇಟರನ್ನು ಸುಮ್ನೆ ಓಡಿಸುತ್ತಲೇ ಇರ್ತಾರೆ. ಬ್ಯಾಟರಿ ಅಂದ್ರೆ ರಾತ್ರಿಗೆ ಅಂತ ನಾವಂದುಕೊಳ್ತೀವಿ, ಅಲ್ವಾ? ದ್ವೀಪದಲ್ಲಿ ಅದರ ಮೊದಲ ಕೆಲಸ ಈ ಕೆಲವು ನಿಮಿಷಗಳನ್ನು ದಾಟಿಸುವುದು. ಮೋಡ ಬಂದ ಕ್ಷಣವೇ ಅದು ಭಾರ ಹೊತ್ತುಕೊಳ್ಳುತ್ತದೆ. ಜನರೇಟರ್ ಆಫ್ ಮಾಡುವ ಧೈರ್ಯ ಬರುವುದೇ ಆಗ.

ಇನ್ನು ರಾತ್ರಿಯ ಲೆಕ್ಕ. ಒಂದು ಚಿಕ್ಕ ದ್ವೀಪಕ್ಕೆ ದಿನಕ್ಕೆ 1,000 ಯೂನಿಟ್ ಬೇಕು ಅನ್ನಿ. ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟರೆ 250 ಕಿಲೋವಾಟ್ ಬೇಕು. ಬ್ಯಾಟರಿಗೆ ತುಂಬಿ ತೆಗೆಯುವಾಗ ಒಂದಿಷ್ಟು ಸೋರಿಹೋಗುತ್ತದೆ, ಅದಕ್ಕೆ 300 ಇಡೋಣ. ಜಾಗ ಮುಕ್ಕಾಲು ಎಕರೆ ಹತ್ತಿರ. ಸಂಜೆಯಿಂದ ಬೆಳಗಿನವರೆಗೆ 600 ಯೂನಿಟ್ ಖರ್ಚಾದರೆ ಬ್ಯಾಟರಿ ಅದಕ್ಕಿಂತ ತುಸು ದೊಡ್ಡದಿರಬೇಕು. ಇಲ್ಲಿಯವರೆಗೆ ಲೆಕ್ಕ ಕೂಡಿಬರುತ್ತದೆ. ಡೀಸೆಲ್ ಅಷ್ಟು ದುಬಾರಿ ಆಗಿರೋದರಿಂದ ಈ ಬ್ಯಾಟರಿ ನಮಗಿಂತ ಅವರಿಗೇ ಬೇಗ ಗಿಟ್ಟುತ್ತದೆ.

ಮೂರು ದಿನ ಮಳೆ ಹಿಡಿದರೆ? 3,000 ಯೂನಿಟ್ ಕೂಡಿಡಬೇಕು. ವರ್ಷದಲ್ಲಿ ನಾಲ್ಕು ಸಲ ಬರುವ ನೆಂಟರಿಗಾಗಿ ಕಲ್ಯಾಣಮಂಟಪ ಕಟ್ಟಿಸಿದ ಹಾಗೆ! ನನ್ನ ಪ್ರಕಾರ ನೂರಕ್ಕೆ ನೂರು ಅನ್ನೋ ಹಠ ಬೇಡ. ಹಳೇ ಜನರೇಟರನ್ನು ಮಾರದೆ ಆ ನಾಲ್ಕು ದಿನಕ್ಕೆ ಇಟ್ಟುಕೊಂಡರೆ ಅಗ್ಗ.

ಆ ಹಠ ಹಿಡಿದವರೂ ಇದ್ದಾರೆ. ಪೆಸಿಫಿಕ್‌ನ ಟೊಕೆಲಾವ್ ನ್ಯೂಜಿಲೆಂಡ್ ಆಡಳಿತಕ್ಕೆ ಸೇರಿದ್ದು. ಮೂರು ಹವಳ ದ್ವೀಪ, ಸಾವಿರದ ಐನೂರು ಜನ. ವಿಮಾನ ಇಲ್ಲ, ಸಮೋವಾದಿಂದ ಒಂದು ದಿನಕ್ಕೂ ಮೀರಿದ ದೋಣಿ ಪ್ರಯಾಣ. 2012ರಲ್ಲಿ ಅಲ್ಲಿ 4,032 ಪ್ಯಾನೆಲ್, 1,344 ಬ್ಯಾಟರಿ ಕೂರಿಸಿ ಹೆಚ್ಚುಕಡಿಮೆ ಎಲ್ಲ ಕರೆಂಟನ್ನೂ ಬಿಸಿಲಿನಿಂದಲೇ ತೆಗೆದರು. ಕರೆಂಟ್ ಸಲೀಸಾಗಿ ಸಿಗ್ತಿದೆ ಅಂತ ಮನೆಮನೆಗೆ ಫ್ರಿಜ್ಜು, ಫ್ರೀಜರ್ ಬಂದವು. ಬೇಡಿಕೆ ಏರಿತು, ಬ್ಯಾಟರಿ ಸಾಲದಾಯಿತು. ಮೂಲೆಯಲ್ಲಿದ್ದ ಡೀಸೆಲ್ ಜನರೇಟರನ್ನು ಮತ್ತೆ ಚಾಲೂ ಮಾಡಿದರು.